ಹಸಿ ಮರ, ಹಸಿದ ಹುಳು

ಗೃಹಪ್ರವೇಶವಾಗಿ ಇನ್ನೂ ವರ್ಷ ತುಂಬಿರುವುದಿಲ್ಲ. ಹಿತ್ತಲಲ್ಲಿದ್ದ ಅಜ್ಜನ ಕಾಲದ ಹಲಸಿನ ಮರವನ್ನು ಕಡಿಸಿ, ಸಾಮಿಲ್ಲಿಗೆ ಸಾಗಿಸಿ, ಕೊಯ್ಸಿ ಮಾಡಿಸಿದ ಮುಂಬಾಗಿಲು. ಒಂದು ಬೆಳಿಗ್ಗೆ ಹೊಸ್ತಿಲು ಸಾರಿಸಲು ಬಂದವರಿಗೆ ಚೌಕಟ್ಟಿನ ಬುಡದಲ್ಲಿ ಮೈದಾಹಿಟ್ಟು ಚೆಲ್ಲಿದಂತೆ ಪುಟ್ಟ ಗುಡ್ಡೆಯೊಂದು ಕಾಣುತ್ತದೆ. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ ಹಿಟ್ಟು. ಕಣ್ಣು ಕಿರಿದು ಮಾಡಿ ನೋಡಿದರೆ ವಾರ್ನಿಷ್ ಬಳಿದ ಮರದ ಮೈಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳು. ಮನೆಯವರು ಗೆದ್ದಲನ್ನು ಶಪಿಸುತ್ತಾರೆ, ನೆಲಕ್ಕೆ ಔಷಧ ಸುರಿಸುತ್ತಾರೆ. ಹಿಟ್ಟು ಮಾತ್ರ ನಿಲ್ಲುವುದಿಲ್ಲ.

ನಿಲ್ಲಬೇಕಾದ ಕಾರಣವೂ ಇಲ್ಲ. ಗೆದ್ದಲು ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಮೇಲೇರುತ್ತದೆ, ತಿಂದದ್ದನ್ನು ಹೀಗೆ ಹಿಟ್ಟಾಗಿ ಹೊರಗೆ ಚೆಲ್ಲುವುದಿಲ್ಲ. ಇದು ಹಳ್ಳಿಯವರು ಕುಟ್ಟೆ ಎಂದು ಕರೆಯುವ ಬೇರೊಂದು ಬಗೆಯ ಹುಳು. ಜೀರುಂಡೆ ಜಾತಿಯದ್ದು. ಹೆಚ್ಚಿನ ಸಂದರ್ಭಗಳಲ್ಲಿ ಅದು ಮನೆಗೆ ಹೊರಗಿನಿಂದ ಹಾರಿ ಬಂದದ್ದಲ್ಲ, ಬಾಗಿಲಿನ ಜೊತೆಗೇ ಬಂದದ್ದು. ಮರ ನೆಲಕ್ಕುರುಳಿದ ಮೊದಲ ಕೆಲವು ವಾರಗಳಲ್ಲಿ, ದಿಮ್ಮಿ ಇನ್ನೂ ಹಸಿಯಾಗಿ ಹಿತ್ತಲಲ್ಲೋ ಸಾಮಿಲ್ಲಿನ ಅಂಗಳದಲ್ಲೋ ಬಿದ್ದಿದ್ದಾಗ, ಆ ಬಾಗಿಲಿನ ಹಣೆಬರಹ ನಿರ್ಧಾರವಾಗಿಹೋಗಿರುತ್ತದೆ. ಚಿಕಿತ್ಸೆ ಮಾಡಬೇಕಾದ ಕಾಲವೂ ಅದೇ.

ಕಡಿದ ಮರ ಒಡನೆಯೇ ಸಾಯುವುದಿಲ್ಲ. ತೊಗಟೆಯ ಕೆಳಗಿನ ಜೀವಕೋಶಗಳು ಇನ್ನೂ ಹಲವು ದಿನ ಬದುಕಿರುತ್ತವೆ. ಗಾಳಿ ಸಾಕಷ್ಟು ಸಿಗದೆ ಒಳಗಿನ ಸಕ್ಕರೆ ಹುದುಗಿ ಮದ್ಯಸಾರದ ವಾಸನೆ ಹೊರಡುತ್ತದೆ. ನಮ್ಮ ಮೂಗಿಗೆ ಅದು 'ಹಸಿ ಮರದ ಪರಿಮಳ'. ಮರಕೊರಕ ಜೀರುಂಡೆಗಳಿಗೆ ಊಟದ ಗಂಟೆ.

ಈ ಕರೆಯ ಬಲ ಎಷ್ಟೆಂಬುದಕ್ಕೆ ಮಧ್ಯ ಭಾರತದ ಸಾಲ ವೃಕ್ಷದ ಕಾಡುಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಅಲ್ಲಿ ಉದ್ದ ಮೀಸೆಯ ಒಂದು ಜೀರುಂಡೆ ಇದೆ. ಮೊದಲ ಮಳೆ ಬಿದ್ದೊಡನೆ, ಜೂನ್-ಜುಲೈ ತಿಂಗಳಲ್ಲಿ, ಮರದೊಳಗಿನಿಂದ ಹೊರಬರುತ್ತದೆ. ಸಾಮಾನ್ಯ ವರ್ಷಗಳಲ್ಲಿ ಬಿದ್ದ ಮರ, ಸೊರಗಿದ ಮರಗಳನ್ನು ನೋಡಿಕೊಂಡು ಸುಮ್ಮನಿರುತ್ತದೆ. ಸಂಖ್ಯೆ ಮಿತಿಮೀರಿದಾಗ ಗಟ್ಟಿಮುಟ್ಟಾದ ಮರಗಳಿಗೂ ನುಗ್ಗುತ್ತದೆ. 1920ರ ದಶಕದಲ್ಲಿ ಹೀಗೊಮ್ಮೆ ಆಗಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಮಧ್ಯಪ್ರದೇಶದ ಮಂಡ್ಲಾ ಸುತ್ತಿನಲ್ಲಿ ಮತ್ತೆ ಆಯಿತು. ಲಕ್ಷಾಂತರ ಮರಗಳು ಹುಳುವಿನ ಪಾಲಾದವು. ಹುಳು ಬಿದ್ದ ಮರಗಳನ್ನು ಕಡಿಯಬೇಕೆ, ಬಿಡಬೇಕೆ ಎಂಬ ವಾದ ಬಹಳ ದಿನ ನಡೆಯಿತು.

ಆಗ ಅರಣ್ಯ ಇಲಾಖೆ ಬಳಸಿದ್ದು ಹಳೆಯದೊಂದು ಉಪಾಯ. ಕೆಲವು ಸಾಲ ಮರಗಳನ್ನು ಬೇಕೆಂದೇ ಕಡಿದು, ತುಂಡು ಮಾಡಿ, ತುದಿಗಳ ತೊಗಟೆಯನ್ನು ಜಜ್ಜಿ ಇಡುವುದು. ಜಜ್ಜಿದ ಕಡೆ ರಸ ಒಸರುತ್ತದೆ. ಅದರ ವಾಸನೆ ಹಿಡಿದು ಜೀರುಂಡೆಗಳು ದೂರದಿಂದ ಹಾರಿ ಬರುತ್ತವೆ, ರಸ ಕುಡಿದು ಅಮಲೇರಿದಂತೆ ಅಲ್ಲೇ ಬಿದ್ದುಕೊಳ್ಳುತ್ತವೆ. ಸುತ್ತಲಿನ ಬುಡಕಟ್ಟಿನ ಜನ ಅವನ್ನು ಹೆಕ್ಕಿ, ತಲೆ ಕಿತ್ತು, ತಲೆಗಳನ್ನು ಎಣಿಸಿ ಕೊಟ್ಟು ಕೂಲಿ ಪಡೆಯುತ್ತಿದ್ದರು. ಕಾಡಿನಲ್ಲಿ ಬೋನಾಗಿ ಬಳಸಿದ್ದು ಮತ್ತೇನೂ ಅಲ್ಲ, ಹೊಸದಾಗಿ ಕಡಿದ ದಿಮ್ಮಿ. ನಾವು ಮನೆ ಕಟ್ಟಲೆಂದು ತೊಗಟೆ ಸಹಿತ ಹಿತ್ತಲಲ್ಲಿ ಕೆಡವಿಟ್ಟುಕೊಳ್ಳುವುದೂ ಅದನ್ನೇ. ವ್ಯತ್ಯಾಸವೆಂದರೆ ನಮ್ಮಲ್ಲಿ ತಲೆ ಎಣಿಸುವವರು ಯಾರೂ ಇಲ್ಲ.

ಸರತಿಯಲ್ಲಿ ಬರುವ ಅತಿಥಿಗಳು

ದಿಮ್ಮಿಗೆ ಎಲ್ಲ ಹುಳುಗಳೂ ಒಟ್ಟಿಗೆ ಬರುವುದಿಲ್ಲ. ಮರ ಒಣಗುತ್ತಾ ಹೋದಂತೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ.

ಎಲ್ಲರಿಗಿಂತ ಮೊದಲು ಬರುವುದು ಬೇಸಾಯಗಾರ ಜೀರುಂಡೆ. ಅಕ್ಕಿಕಾಳಿಗಿಂತ ಚಿಕ್ಕದು. ಇದು ಮರವನ್ನು ಕೊರೆಯುತ್ತದೆಯೇ ಹೊರತು ತಿನ್ನುವುದಿಲ್ಲ. ಬರುವಾಗಲೇ ದೇಹದಲ್ಲಿರುವ ಪುಟ್ಟ ಚೀಲದಲ್ಲಿ ಒಂದು ಬಗೆಯ ಬೂಸ್ಟಿನ ಬೀಜ ತಂದಿರುತ್ತದೆ. ಸುರಂಗದ ಗೋಡೆಗಳ ಮೇಲೆ ಅದನ್ನು ಬಿತ್ತುತ್ತದೆ, ಬೆಳೆದ ಬೂಸ್ಟನ್ನು ತಾನೂ ತಿಂದು ಮರಿಗಳಿಗೂ ಉಣಿಸುತ್ತದೆ. ಮನುಷ್ಯ ನೇಗಿಲು ಹಿಡಿಯುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಬೇಸಾಯ ಕಲಿತ ಜೀವಿಗಳಿವು. ಈ ಬೆಳೆಗೆ ನೀರು ಬೇಕು, ಅಂದರೆ ಮರ ಹಸಿಯಾಗಿರಬೇಕು. ಒಣಗಿತೆಂದರೆ ಬೂಸ್ಟು ಸಾಯುತ್ತದೆ, ಬೇಸಾಯಗಾರನೂ ಊರು ಬಿಡುತ್ತಾನೆ. ಉಳಿಯುವುದು ಅಂಚು ಕಪ್ಪಾದ ಸಣ್ಣ ತೂತುಗಳು. ಮರದ ಅಂದ ಕೆಡುತ್ತದೆ, ಬಲ ಅಷ್ಟಾಗಿ ಕುಗ್ಗುವುದಿಲ್ಲ.

ಎರಡನೆಯದು ಉದ್ದ ಮೀಸೆಯ ಜೀರುಂಡೆಗಳ ದೊಡ್ಡ ಕುಟುಂಬ. ಸಾಲದ ಹುಳುವೂ, ಕಾಫಿ ಬೆಳೆಗಾರರ ನಿದ್ದೆ ಕೆಡಿಸಿರುವ ಬಿಳಿ ಕಾಂಡಕೊರಕವೂ ಇದೇ ವಂಶದವು. ಇವು ಮೊಟ್ಟೆ ಇಡುವುದು ತೊಗಟೆಯ ಬಿರುಕುಗಳಲ್ಲಿ. ಮರಿಹುಳು ಮೊದಲು ತೊಗಟೆಯ ಕೆಳಗಿನ ಸಿಹಿಪದರವನ್ನು ತಿಂದು ಬಲಿತು, ಆಮೇಲೆ ಮರದೊಳಕ್ಕೆ ಇಳಿಯುತ್ತದೆ. ಒಮ್ಮೆ ಒಳಹೊಕ್ಕ ಮೇಲೆ ಅದಕ್ಕೆ ಅವಸರವಿಲ್ಲ. ಒಣಗಿದ ಮರದಲ್ಲಿ ಪೋಷಣೆ ಕಡಿಮೆ, ಆದ್ದರಿಂದ ಬೆಳವಣಿಗೆ ನಿಧಾನ. ಕುರ್ಚಿ, ಮಂಚ, ತೊಲೆ ಆದ ಮೇಲೂ ವರ್ಷಗಟ್ಟಲೆ ಒಳಗೇ ಇದ್ದು, ಒಂದು ದಿನ ಪಾಲಿಶ್ ಸೀಳಿಕೊಂಡು ಹೊರಬರುವುದುಂಟು. ಇಂಥದೇ ಬದುಕಿನ ಇನ್ನೊಂದು ಕುಟುಂಬವಾದ ಉತ್ತರ ಅಮೆರಿಕದ ಹೊಂಬಣ್ಣದ ಜೀರುಂಡೆ, ಮರ ಕೊಯ್ದು ಬಳಸಿದ 51 ವರ್ಷಗಳ ಬಳಿಕ ಹೊರಬಂದದ್ದು ಕೀಟಶಾಸ್ತ್ರದಲ್ಲಿ ದಾಖಲಾಗಿದೆ.

ಕೊನೆಯವರು ಹಿಟ್ಟು ಚೆಲ್ಲುವವರು. ನಮ್ಮ ಬಾಗಿಲಿನ ಕಳ್ಳ ಈ ಗುಂಪಿನವನು. ಮರ ಅರೆಬರೆ ಒಣಗಿದ ಮೇಲೆ ಬರುತ್ತಾನೆ. ಇವನಿಗೆ ಬೇಕಾದದ್ದು ಮರವಲ್ಲ, ಮರದಲ್ಲಿ ಕೂಡಿಟ್ಟ ಪಿಷ್ಟ. ಮರದ ನಾರನ್ನು ಜೀರ್ಣಿಸಿಕೊಳ್ಳುವ ಶಕ್ತಿ ಇವನ ಹೊಟ್ಟೆಗಿಲ್ಲ. ಒಂದಿಷ್ಟು ಪಿಷ್ಟಕ್ಕಾಗಿ ರಾಶಿ ಮರವನ್ನು ಅಗಿದು ಅಗಿದು ಹಿಂದಕ್ಕೆ ತಳ್ಳುತ್ತಾನೆ, ಅದೇ ಆ ಹಿಟ್ಟು. ಹೆಣ್ಣು ಹುಳುವಂತೂ ಬಹಳ ಎಚ್ಚರಿಕೆಯ ಗೃಹಿಣಿ. ಮೊಟ್ಟೆ ಇಡುವ ಮೊದಲು ಮರವನ್ನು ಅಲ್ಲಲ್ಲಿ ಕಚ್ಚಿ ರುಚಿ ನೋಡುತ್ತದೆ. ಪಿಷ್ಟ ಸಾಕಷ್ಟಿದೆ ಎನಿಸಿದರೆ ಮಾತ್ರ ಮರದ ಸೂಕ್ಷ್ಮ ನಾಳಗಳೊಳಗೆ ಮೊಟ್ಟೆ ತೂರಿಸುತ್ತದೆ. ಮೊದಲಿನವರಂತೆ ಇವನು ಒಮ್ಮೆ ಬಂದು ಹೋಗುವವನಲ್ಲ. ಮಗ, ಮೊಮ್ಮಗ, ಮರಿಮಗ ಎಲ್ಲರೂ ಅದೇ ತೊಲೆಯಲ್ಲಿ ಸಂಸಾರ ಹೂಡುತ್ತಾರೆ, ಪಿಷ್ಟ ತೀರುವವರೆಗೆ.

ದಪ್ಪದ ಕಷ್ಟ

ಯಾವ ಮರದ ಅಡ್ಡಕೊಯ್ತ ನೋಡಿದರೂ ಸಾಮಾನ್ಯವಾಗಿ ಎರಡು ಬಣ್ಣ ಕಾಣುತ್ತದೆ. ನಡುವಿನ ಗಾಢ ಬಣ್ಣದ ಭಾಗ ಚೇಗು. ಸುತ್ತಲಿನ ತಿಳಿಬಣ್ಣದ ಉಂಗುರವನ್ನು ಇಲ್ಲಿ ಬಿಳಿಮರ ಎನ್ನೋಣ. ಬಿಳಿಮರ ಮರದ ಉಗ್ರಾಣ, ನೀರು ಹರಿಯುವುದೂ ಪಿಷ್ಟ ಕೂಡಿಡುವುದೂ ಅಲ್ಲೇ. ಚೇಗಿನಲ್ಲಿ ಪಿಷ್ಟ ಉಳಿದಿರುವುದಿಲ್ಲ. ಬದಲಿಗೆ ಹುಳುಗಳಿಗೆ ಒಗ್ಗದ ಕಹಿ, ಒಗರಿನ ಪದಾರ್ಥಗಳು ತುಂಬಿರುತ್ತವೆ. ಹಲಸಿನ ಹಳದಿ ಚೇಗು, ಬೀಟೆಯ ಕಪ್ಪು ಚೇಗು, ಹೊನ್ನೆಯ ಕೆಂಚು ಚೇಗು ಬಾಳುವುದು ಇದರಿಂದ. ತೇಗವೇ ಆದರೂ ಅದರ ಬಿಳಿಮರಕ್ಕೆ ಈ ರಕ್ಷೆ ಇಲ್ಲ. ಮಾವಿನ ಮರದಲ್ಲಂತೂ ಹೆಚ್ಚು ಪಾಲು ತಿಳಿಬಣ್ಣದ್ದೇ, ಅದಕ್ಕೇ ಅದು ಹುಳುವಿನ ಅಚ್ಚುಮೆಚ್ಚು.

ತೆಳ್ಳನೆಯ ಹಲಗೆ ಬೇಗ ಒಣಗುತ್ತದೆ, ಔಷಧವೂ ಒಳಕ್ಕಿಳಿಯುತ್ತದೆ. ಐದಾರು ಅಂಗುಲದ ತೊಲೆಯ ಕಥೆ ಬೇರೆ. ಹೊರಮೈ ತಿಂಗಳೆರಡು ತಿಂಗಳಲ್ಲಿ ಒಣಗಿ, ಬಡಗಿಯ ಕೈಗೆ ಹದವಾಗಿಯೇ ತೋರುತ್ತದೆ. ಒಳಗೆ ಮಾತ್ರ ಹಸಿ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಗಾಳಿಯಲ್ಲಿ ಮರ ಒಣಗಿಸುವವರ ಹಳೆಯ ಅಂದಾಜು. ಲೆಕ್ಕ ಕರಾರುವಾಕ್ಕಲ್ಲದಿದ್ದರೂ ಬುದ್ಧಿಮಾತಾಗಿ ಸರಿ. ಅಷ್ಟು ಕಾಲ ಆ ತೊಲೆಯೊಳಗೆ ಒಂದಲ್ಲ ಒಂದು ಹುಳುವಿಗೆ ಬೇಕಾದ ಹದ ಇದ್ದೇ ಇರುತ್ತದೆ. ಮೇಲೆ ಬಳಿದ ಸೀಮೆಎಣ್ಣೆಯೋ ಕೀಟನಾಶಕವೋ ಕೂದಲೆಳೆಯಷ್ಟು ಒಳಗಿಳಿದು ನಿಲ್ಲುತ್ತದೆ. ಮರಿಹುಳು ಎರಡಂಗುಲ ಆಳದಲ್ಲಿ ನಿಶ್ಚಿಂತೆಯಿಂದ ಮೇಯುತ್ತಿರುತ್ತದೆ. ವಾರ್ನಿಷ್‌ನಿಂದಲೂ ಅರ್ಧ ಉಪಕಾರವಷ್ಟೇ. ನಾಳಗಳ ಬಾಯಿ ಮುಚ್ಚಿ ಹೊಸ ಮೊಟ್ಟೆಗಳನ್ನು ತಡೆಯುತ್ತದೆ, ಒಳಗಿರುವವರನ್ನು ಏನೂ ಮಾಡುವುದಿಲ್ಲ.

ಪಂಚಾಂಗ, ಕೆರೆ, ಅಟ್ಟ

ನಮ್ಮ ಹಿರಿಯರಿಗೆ ಪಿಷ್ಟದ ವಿಚಾರ ತಿಳಿದಿರಲಿಲ್ಲ, ಹುಳುವಿನ ಕಾಟ ಚೆನ್ನಾಗಿ ತಿಳಿದಿತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಿಗ್ರಹಕ್ಕೆ ಮರ ಆರಿಸಲು ಕಾಡಿಗೆ ಹೋಗುವ ವಿಧಿಗೇ ಒಂದು ಅಧ್ಯಾಯವಿದೆ. ಸಿಡಿಲು ಬಡಿದ, ತಾನೇ ಬಿದ್ದ, ಒಣಗಿದ, ಬೆಂಕಿ ತಾಗಿದ, ಜೇನುಗೂಡು ಕಟ್ಟಿದ ಮರಗಳು ಅಲ್ಲಿ ವರ್ಜ್ಯ. ಓದುವಾಗ ಶಕುನದ ಪಟ್ಟಿಯಂತೆ ಕಾಣುತ್ತದೆ. ಆದರೆ ಗಾಯಗೊಂಡ, ಸೊರಗಿದ, ಬಿದ್ದ ಮರಗಳೇ ಕೊರಕಗಳ ಮೊದಲ ಆಯ್ಕೆ ಎಂಬುದನ್ನು ಬಲ್ಲವರಿಗೆ ಆ ಪಟ್ಟಿಯಲ್ಲಿ ಬಡಗಿಯ ಅನುಭವವೂ ಇಣುಕುತ್ತದೆ.

ಅಮಾವಾಸ್ಯೆಯ ಹತ್ತಿರ, ಕೃಷ್ಣಪಕ್ಷದಲ್ಲಿ ಬಿದಿರು ಕಡಿಯಬೇಕು, ಮರ ಉರುಳಿಸಬೇಕು ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿದೆ. ಚಂದ್ರನ ಪಾತ್ರಕ್ಕೆ ವಿಜ್ಞಾನದಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಋತುವಿನ ಪಾತ್ರಕ್ಕೆ ಸಿಕ್ಕಿದೆ. ಬಿದಿರಿನಲ್ಲಿ ಪಿಷ್ಟದ ಪ್ರಮಾಣ ಋತುವಿನೊಡನೆ ಏರಿಳಿಯುತ್ತದೆ, ಹುಳುವಿನ ಹಾವಳಿಯೂ ಅದರ ಜೊತೆಗೇ ಏರಿಳಿಯುತ್ತದೆ. ಹೂಬಿಟ್ಟು ಸಾಯುವ ಬಿದಿರು ಕೂಡಿಟ್ಟ ಪಿಷ್ಟವನ್ನೆಲ್ಲ ಹೂವು, ಅಕ್ಕಿಗಳಿಗೆ ಸುರಿದುಬಿಡುವುದರಿಂದ ಅದನ್ನು ಕುಟ್ಟೆ ಅಷ್ಟಾಗಿ ಮುಟ್ಟುವುದಿಲ್ಲ ಎಂಬುದೂ ಕಂಡುಬಂದಿದೆ. ಆದ್ದರಿಂದ ಪಂಚಾಂಗದ ತಿಥಿಗಿಂತ ಮಾಸವನ್ನು ನೋಡುವುದು ಮೇಲು.

ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡುವ ಪದ್ಧತಿಯ ಬಗ್ಗೆ ಇಂಥ ಅನುಮಾನ ಬೇಕಿಲ್ಲ. ನೀರಿನೊಳಗೆ ಗಾಳಿಯಿಲ್ಲ, ಜೀರುಂಡೆ ಮೊಟ್ಟೆ ಇಡಲಾರದು. ತಿಂಗಳುಗಟ್ಟಲೆ ನೆನೆದ ಮರದ ಸಕ್ಕರೆ ಕರಗಿ ಹೋಗುತ್ತದೆ, ಪಿಷ್ಟವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆ ಕೆಟ್ಟ ವಾಸನೆ ಅದರದೇ. ತೆಳು ಮರದಲ್ಲಿ, ಬಿದಿರಿನಲ್ಲಿ ಇದು ಬೇಗ ಫಲಿಸುತ್ತದೆ, ದಪ್ಪ ದಿಮ್ಮಿಗೆ ಹೆಚ್ಚು ಕಾಲ ಬೇಕು. ಒಂದು ಎಚ್ಚರಿಕೆ: ನೀರು ಸಿಹಿನೀರಾಗಿರಬೇಕು. ಕರಾವಳಿಯ ಉಪ್ಪುನೀರಿನ ಹಿನ್ನೀರಿನಲ್ಲಿ ಬಿಟ್ಟರೆ ಮರದ ದೋಣಿಗಳನ್ನು ಜರಡಿ ಮಾಡುವ ಹಡಗುಹುಳು ಹೊಕ್ಕು ಕೂರುತ್ತದೆ. ಅದು ಹುಳುವೂ ಅಲ್ಲ, ಮಳಿಯ ಬಂಧು. ಕರಾವಳಿಯವರು ದೋಣಿಗೆ, ಜಂತೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಸುಮ್ಮನೆ ಅಲ್ಲ.

ಸೌದೆ ಒಲೆಯ ಅಡುಗೆಮನೆಯ ಅಟ್ಟವನ್ನೂ ಇಲ್ಲಿ ನೆನೆಯಬೇಕು. ಮುಂದೆಂದೋ ಬೇಕಾಗುವ ನೇಗಿಲಿನ ಮರ, ಬಿದಿರು ಎಲ್ಲವೂ ಹೊಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ದಿನವೂ ಬಿಸಿ, ದಿನವೂ ಒಣಗು, ಮೈತುಂಬ ಮಸಿಯ ಲೇಪ. ಗ್ಯಾಸ್ ಒಲೆ ಬಂದದ್ದರಿಂದ ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು, ಅದರ ಬಗ್ಗೆ ಎರಡು ಮಾತಿಲ್ಲ. ಮರ ಹದಗೊಳಿಸುವ ಬಿಟ್ಟಿ ಯಂತ್ರವೊಂದು ಅದರ ಜೊತೆ ಹೋಯಿತು, ಅಷ್ಟೆ.

ಹೋದದ್ದು ಅದೊಂದೇ ಅಲ್ಲ, ಕಾಲಾವಧಿಯೂ ಹೋಯಿತು. ಹಿಂದೆ ತೊಟ್ಟಿಮನೆ ಕಟ್ಟುವವರು ಮರವನ್ನು ವರ್ಷಗಳ ಮೊದಲೇ ಕೂಡಿಡುತ್ತಿದ್ದರು. ಸಿಗುತ್ತಿದ್ದುದೂ ನೂರಾರು ವರ್ಷ ಬೆಳೆದ, ಹೆಚ್ಚು ಪಾಲು ಚೇಗೇ ಇದ್ದ ಕಾಡುಮರ. ಅದನ್ನು ಕಡಿದು ಮುಗಿಸಿದ್ದಾಗಿದೆ, ಉಳಿದದ್ದಕ್ಕೆ ಕಾನೂನಿನ ರಕ್ಷಣೆ ಇದೆ, ಇರಲೇಬೇಕು. ಇಂದು ಕೈಗೆ ಸಿಗುವುದು ಹಿತ್ತಲಿನ, ತೋಟದ, ಇನ್ನೂ ಪೂರ್ತಿ ಬಲಿಯದ ಮರ. ಅದರಲ್ಲಿ ಬಿಳಿಮರದ್ದೇ ದೊಡ್ಡ ಪಾಲು. ಇದು ಇಂದು ಕೊಯ್ದರೆ ಹದಿನೈದು ದಿನದಲ್ಲಿ ಚೌಕಟ್ಟಾಗಿ ಗೋಡೆಯಲ್ಲಿ ಕೂರುತ್ತದೆ.

ಹಸಿ ಇರುವಾಗಲೇ

ಹಾಗೆಂದು ಇಂಥ ಮರ ಕೆಲಸಕ್ಕೇ ಬಾರದು ಎನ್ನುವಂತಿಲ್ಲ. ರಬ್ಬರ್ ಮರವೇ ಅದಕ್ಕೆ ಸಾಕ್ಷಿ. ಅದರಲ್ಲಿ ಬೇರೆಯಾಗಿ ಗುರುತಿಸುವಂಥ ಚೇಗೇ ಇಲ್ಲ, ಉದ್ದಕ್ಕೂ ಪಿಷ್ಟ. ಒಂದು ಕಾಲದಲ್ಲಿ ಅದು ಬರೀ ಸೌದೆ. ಇಂದು ಕೇರಳದಲ್ಲೂ ಮಲೇಷ್ಯಾದಲ್ಲೂ ಅದೇ ಮರದಿಂದ ಪೀಠೋಪಕರಣಗಳ ಉದ್ಯಮ ನಡೆಯುತ್ತಿದೆ. ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲೂ ಇದೇ ಮರ. ಗುಟ್ಟು ಒಂದೇ, ಕಡಿದ ಕೆಲವೇ ದಿನಗಳಲ್ಲಿ ಕೊಯ್ದು ಬೋರಾನ್ ಲವಣ ಹಿಡಿಸಿ, ಶಾಖದ ಕೋಣೆಯಲ್ಲಿ ಒಣಗಿಸಿಬಿಡುವುದು.

ಬೋರಾನ್ ಲವಣ ಎಂದರೆ ಅಕ್ಕಸಾಲಿಗರ ಬಿಳಿಗಾರ, ಜೊತೆಗೆ ಬೋರಿಕ್ ಆಮ್ಲ. ಇವೆರಡನ್ನೂ ಬಿಸಿನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಹಸಿ ಮರವನ್ನು ಅದರಲ್ಲಿ ಅದ್ದಿ, ಒತ್ತೊತ್ತಾಗಿ ಪೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುತ್ತಾರೆ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದ ಮನೆಕಟ್ಟುವ ಮರಕ್ಕೆ ಇದನ್ನು ವ್ಯಾಪಕವಾಗಿ ಬಳಸಿದರು. ಇದರ ಸ್ವಾರಸ್ಯ ನೋಡಿ: ಬೇರೆ ಔಷಧಗಳಿಗೆ ಮರದ ಹಸಿಯೇ ಅಡ್ಡಿ, ಇದಕ್ಕೆ ಹಸಿಯೇ ದಾರಿ. ಲವಣ ಮರದೊಳಗಿನ ನೀರಿನಲ್ಲಿ ಕರಗಿ, ಹೊರಗಿನಿಂದ ಒಳಕ್ಕೆ ತಾನಾಗಿ ಹರಡುತ್ತಾ ಹೋಗುತ್ತದೆ. ಮರ ಒಣಗಿಬಿಟ್ಟರೆ ದಾರಿ ಮುಚ್ಚಿತು.

ಆದರೆ ಇಲ್ಲೂ ದಪ್ಪ ತನ್ನ ತೆರಿಗೆ ಕೇಳುತ್ತದೆ. ಹರಡಲು ಬೇಕಾದ ಸಮಯ ದಪ್ಪದ ವರ್ಗದಂತೆ ಏರುತ್ತದೆ. ಒಂದಂಗುಲದ ಹಲಗೆಗೆ ಒಂದು ತಿಂಗಳು ಎಂದಿಟ್ಟುಕೊಂಡರೆ ಎರಡಂಗುಲಕ್ಕೆ ಎರಡಲ್ಲ, ನಾಲ್ಕು ತಿಂಗಳು. ನಾಲ್ಕಂಗುಲಕ್ಕೆ ಹದಿನಾರು. ಆದ್ದರಿಂದ ದಪ್ಪ ತೊಲೆಯ ನಡುವಿನವರೆಗೆ ಲವಣ ತಲುಪಿಸುವ ಹಟ ಬೇಡ. ನಡುವೆ ಚೇಗಿರುವಂತೆ ಕೊಯ್ಸಿದರೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಸುತ್ತಲಿನ ಬಿಳಿಮರಕ್ಕೆ ಲವಣ ಹಿಡಿದರೆ ಸಾಕು. ಬಿಳಿಮರವನ್ನು ಕೆತ್ತಿ ತೆಗೆಸಿದರೆ ಇನ್ನೂ ಒಳ್ಳೆಯದು, ಮರದ ಅಳತೆ ಕಡಿಮೆಯಾಯಿತೆಂದು ಮನಸ್ಸು ಚುರುಗುಟ್ಟುತ್ತದೆ ಅಷ್ಟೆ. ಬೋರಾನ್ ನೀರಿಗೆ ತೊಳೆದು ಹೋಗುವಂಥದ್ದು, ಹಾಗಾಗಿ ಮಳೆಗೆ ಒಡ್ಡಿದ ಗೇಟು, ಬೇಲಿಗಳಿಗೆ ಪ್ರಯೋಜನವಿಲ್ಲ. ಊಟದ ಮಣೆ, ಮಕ್ಕಳು ಬಾಯಿಗಿಡುವ ಆಟಿಕೆಗಳಿಗೆ ಹಾಕಬಾರದು. ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು.

ಬಯಲಿನ ಮರಕ್ಕೆ ಒಂದು ಭಾರತೀಯ ಔಷಧವೇ ಜಗತ್ತನ್ನು ಸುತ್ತಿತು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು 1933ರಲ್ಲಿ ರೂಪಿಸಿದ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮಿಶ್ರಣ ಅದು. ವಿದ್ಯುತ್ ಕಂಬಗಳಿಗೆ, ಬೇಲಿಗೂಟಗಳಿಗೆ ದಶಕಗಳ ಕಾಲ ಲೋಕವೆಲ್ಲ ಅದನ್ನೇ ನಂಬಿತು. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಸಂರಕ್ಷಣೆಯ ಕುರಿತು ಸಂಶೋಧನೆ ನಡೆಯುತ್ತದೆ. ಬೆಂಗಳೂರಿನ ಎಷ್ಟು ಜನ ಮನೆಕಟ್ಟುವವರಿಗೆ ಹೀಗೊಂದು ಸಂಸ್ಥೆ ತಮ್ಮ ಊರಲ್ಲೇ ಇದೆಯೆಂಬುದು ಗೊತ್ತೋ!

ಔಷಧವೇ ಬೇಡವೆನ್ನುವವರಿಗೆ ಶಾಖವಿದೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಸ್ತೆಬದಿಯ ಮೇಪಲ್ ಮರಗಳಲ್ಲಿ ಏಷ್ಯಾದ ಉದ್ದಮೀಸೆಯ ಜೀರುಂಡೆ ಸಿಕ್ಕಿತು. ಚೀನಾದಿಂದ ಸರಕು ತುಂಬಿ ಬಂದ ಹಸಿಮರದ ಪೆಟ್ಟಿಗೆಗಳಲ್ಲಿ ಅದು ಸಮುದ್ರ ದಾಟಿತ್ತು. ಹುಳು ಹರಡದಂತೆ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಇಂಥ ಅನುಭವಗಳ ಬಳಿಕ 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂತು. ಅದರಂತೆ ಸರಕಿನ ಪೆಟ್ಟಿಗೆಯ ಮರ, ನಟ್ಟನಡುವಿನ ತಿರುಳಿನಲ್ಲೂ, 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸತತ 30 ನಿಮಿಷ ಇರಬೇಕು. ತಿರುಳಿನಲ್ಲೂ ಎಂಬುದೇ ಇಲ್ಲಿ ಮುಖ್ಯ. ದಪ್ಪ ಮರದ ನಡುವಿಗೆ ಆ ಬಿಸಿ ತಲುಪಲು ಗಂಟೆಗಟ್ಟಲೆ ಬೇಕು. ವಿಷಾನಿಲದ ಹೊಗೆ ಹಾಕುವ ಇನ್ನೊಂದು ದಾರಿಗೆ ಅದೇ ನಿಯಮ ದಪ್ಪದ ಮಿತಿಯನ್ನೇ ಹೇರಿದೆ. 20 ಸೆಂಟಿಮೀಟರಿಗಿಂತ ದಪ್ಪವಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ನಡೆಯದು. ಬಿಸಿಲಿಗೆ ಒಡ್ಡಿದರಾಯಿತು ಎಂದುಕೊಂಡವರು ಇದನ್ನು ಗಮನಿಸಬೇಕು. ಬಿಸಿಲು ಮೈಯನ್ನು ಸೀಳುತ್ತದೆ, ತಿರುಳನ್ನು ಮುಟ್ಟುವುದಿಲ್ಲ. ಆ ಸೀಳುಗಳು ಮುಂದೆ ಮೊಟ್ಟೆಗಳಿಗೆ ಜಾಗ. ಮರ ಒಣಗಬೇಕಾದದ್ದು ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ಹಲಗೆ ಹಲಗೆಯ ನಡುವೆ ಚಕ್ಕೆ ಇಟ್ಟು ಗಾಳಿಯಾಡುವಂತೆ ಪೇರಿಸಿ.

ಇದೆಲ್ಲ ಆಗದವರು ಒಂದನ್ನಾದರೂ ಮಾಡಬಹುದು, ಅದಕ್ಕೆ ಖರ್ಚಿಲ್ಲ. ಮರ ಉರುಳಿದ ವಾರದೊಳಗೆ ತೊಗಟೆ ಸುಲಿಸಿಬಿಡುವುದು. ಉದ್ದಮೀಸೆಯವರಿಗೆ ತೊಟ್ಟಿಲೇ ಇಲ್ಲವಾಗುತ್ತದೆ. ಸುಲಿದ ತೊಗಟೆಯನ್ನು ಅಲ್ಲೇ ಗುಡ್ಡೆ ಹಾಕದೆ ಒಲೆಗೆ ಹಾಕಬೇಕು.

ಈಗಾಗಲೇ ಹಿಟ್ಟು ಬೀಳುತ್ತಿರುವ ಬಾಗಿಲಿನ ಪಾಡೇನು? ಮೊದಲು ತೂತು ನೋಡಬೇಕು. ಅಂಚು ಕಪ್ಪಾಗಿದ್ದು ಹಿಟ್ಟಿಲ್ಲದಿದ್ದರೆ ಅದು ಎಂದೋ ಊರುಬಿಟ್ಟ ಬೇಸಾಯಗಾರನದು, ಮೇಣ ತುಂಬಿ ಸುಮ್ಮನಾಗಬಹುದು. ಹಿಟ್ಟಿದ್ದರೂ ಗಾಬರಿ ಬೇಡ. ಬಾಗಿಲು ಜೋರಾಗಿ ಬಡಿದಾಗ ಸತ್ತ ಹುಳುವಿನ ಹಳೆಯ ಸುರಂಗದಿಂದಲೂ ಹಿಟ್ಟು ಉದುರುತ್ತದೆ. ತೂತುಗಳ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ, ಕೆಳಗೆ ಕಪ್ಪು ಕಾಗದ ಹಾಸಿ ಮೂರು ತಿಂಗಳು ಕಾಯುವುದು ಒಳ್ಳೆಯದು. ಗುರುತಿಲ್ಲದ ಹೊಸ ತೂತು ಕಂಡರೆ, ಕಾಗದದ ಮೇಲೆ ಹೊಸ ಹಿಟ್ಟು ಬಿದ್ದಿದ್ದರೆ, ಒಳಗೆ ಜೀವವಿದೆ. ಆಗ ಸಿರಿಂಜಿನಿಂದ ತೂತುತೂತಿಗೂ ಔಷಧ ಹಾಕಿಸಿ ಬಾಯಿ ಮುಚ್ಚಿಸಬೇಕು. ಹಾವಳಿ ಬಿಳಿಮರವಿರುವ ಒಂದು ಪಕ್ಕದಲ್ಲಿ ಮಾತ್ರ ಇದ್ದರೆ ಆ ಪಟ್ಟಿಯನ್ನೇ ಕೊಯ್ದು ತೆಗೆದು ಚೇಗಿನ ತುಂಡು ಕೂರಿಸುವುದು ಒಳ್ಳೆಯ ಬಡಗಿಗೆ ಒಂದು ದಿನದ ಕೆಲಸ.